ದನಿ ಅಡಗಿಸಿ ನೋಡಿದವನು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಸಂಸಾರ. ಗಂಡ ಉಡುಪಿ ಕಡೆಯವನು, ಹೋಟೆಲಿನಲ್ಲಿ ಕ್ಯಾಶಿಯರ್. ಮದುವೆಯಾಗಿ ಒಂದೂವರೆ ವರ್ಷ. ಆಪ್ತಸಲಹೆಗೆಂದು ನನ್ನ ಬಳಿ ಮೊದಲು ಬಂದವಳು ಹೆಂಡತಿ. ಬಂದ ಕಾರಣ ಹೇಳಲು ಆಕೆಗೆ ಎರಡು ಭೇಟಿ ಬೇಕಾಯಿತು. “ಬೇಡ ಎಂದರೆ ಕೇಳುವುದಿಲ್ಲ ಮೇಡಂ. ಹೆಂಗಸರು ಮೊದಲು ಹಾಗೇ ಹೇಳುವುದಂತೆ. ಮೊಬೈಲಿನಲ್ಲಿ ತೋರಿಸಿದರು.”

ಗಂಡ ಬಂದು ಕುಳಿತವನೇ “ಅಶ್ಲೀಲ ವಿಡಿಯೊ ನೋಡುವ ಈ ಚಟ ಬಿಡಿಸಿ” ಎಂದ. ಚಟ ಎಂಬುದು ಗಂಡಸರಿಗೆ ಬಲು ಅನುಕೂಲದ ಪದ. ತಪ್ಪೆಲ್ಲ ಮೊಬೈಲಿನ ತಲೆಗೆ ಕಟ್ಟಬಹುದು. ಎಷ್ಟು ಹೊತ್ತು ನೋಡುತ್ತೀರಿ ಎಂದು ನಾನು ಕೇಳಲಿಲ್ಲ. ಅದರಲ್ಲಿ ಹೆಂಗಸು ಏನು ಮಾತನಾಡುತ್ತಾಳೆ ಎಂದು ಕೇಳಿದೆ. ಗೊತ್ತಿರಲಿಲ್ಲ. ತಾಯಿ ಅದೇ ಕೋಣೆಯಲ್ಲಿ ಮಲಗುವುದರಿಂದ ಹತ್ತು ವರ್ಷದಿಂದ ಆತ ದನಿ ಅಡಗಿಸಿಯೇ ನೋಡುತ್ತಿದ್ದ. “ಆದರೂ ನಗುತ್ತಿರುತ್ತಾರಲ್ಲ ಮೇಡಂ, ಇಷ್ಟವಿಲ್ಲದಿದ್ದರೆ ನಗುತ್ತಾರೆಯೇ?”

ಅಮೆರಿಕದ ಲಿಂಡಾ ಬೋರ್‌ಮನ್ ವಿಷಯ ಹೇಳಿದೆ. 1972ರ ಅಶ್ಲೀಲ ಚಿತ್ರವೊಂದು ಆಕೆಯನ್ನು ಮನೆಮಾತಾಗಿಸಿತು. ಗಂಡನೇ ಹೊಡೆದು, ಬಂದೂಕು ತೋರಿಸಿ ಮಾಡಿಸಿದ್ದೆಂದು 1980ರಲ್ಲಿ ಆಕೆ ಬರೆದುಕೊಂಡಳು. ಮೈಮೇಲಿನ ಕಂದಿದ ಗಾಯಗಳು ಚಿತ್ರದಲ್ಲೇ ಕಾಣುತ್ತವೆ ಎಂದೂ ಹೇಳಿದಳು. ಚಿತ್ರಮಂದಿರದಲ್ಲಿ ಕುಳಿತಿದ್ದವರ ಕಣ್ಣಿಗೆ ಬಿದ್ದದ್ದು ನಗು. ಆತ ಬಹಳ ಹೊತ್ತು ಮಾತನಾಡಲಿಲ್ಲ. (ಇಂಥ ಚಿತ್ರಗಳನ್ನು ತಡೆಯಬೇಕೇ ಬೇಡವೇ ಎಂಬ ಬಗ್ಗೆ ಸ್ತ್ರೀವಾದಿಗಳಲ್ಲೇ ದೊಡ್ಡ ಜಗಳವಿದೆ. ನನ್ನ ಕೋಣೆಗೆ ಬರುವುದು ಚಿತ್ರವಲ್ಲ, ಅದನ್ನು ನೋಡಿ ಪಳಗಿದ ಕಣ್ಣು.)

ಆತನಿಗೆ ಹೇಳಿದ್ದು: ಆಕೆಯಾಗಿ ಕರೆಯುವವರೆಗೆ ಮುಟ್ಟಬೇಡಿ. ಬೇಡ ಎಂದರೆ ಏಕೆ ಎಂದೂ ಕೇಳಬೇಡಿ. ರಾತ್ರಿ ದೀಪ ಹಾಕಿಕೊಂಡು ಹತ್ತು ನಿಮಿಷ ಆಕೆಯ ಮಾತು ಕೇಳಿ, ನಡುವೆ ಬಾಯಿ ಹಾಕಬೇಡಿ.

ಆಕೆಗೆ ಹೊಂದಿಕೊಂಡು ಹೋಗಿ ಎನ್ನಲಿಲ್ಲ. ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆ ಅತ್ಯಾಚಾರವೆಂದು ಕರೆಯುವುದಿಲ್ಲ, ನಾಚಿಕೆಗೇಡು. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ, ರಕ್ಷಣೆ ಕೋರಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು ಎಂದು ವಿವರಿಸಿದೆ. ಅತ್ತೆಗೆ ತಿಳಿಯದಂತೆ ಫೋನ್ ಮಾಡಲು ಹೊತ್ತು ಗೊತ್ತುಮಾಡಿಕೊಂಡೆವು.

ನಾಲ್ಕನೆಯ ಭೇಟಿಯಲ್ಲಿ ಆತ ಹೇಳಿದ: “ಅವಳಿಗೆ ಆರು ತಿಂಗಳಿಂದ ಸೊಂಟ ನೋವಂತೆ. ನನಗೆ ಗೊತ್ತೇ ಇರಲಿಲ್ಲ.” ವೈದ್ಯರ ಬಳಿ ಕಳುಹಿಸಿದೆ. ಉಡುಪಿಗೆ ಹೋಗಲು ಆಕೆ ತೆಗೆಸಿಟ್ಟ ರೈಲು ಟಿಕೆಟ್ ಇನ್ನೂ ಆಕೆಯ ಬಳಿಯೇ ಇದೆ. ರದ್ದು ಮಾಡಿಸಿ ಎಂದು ನಾನು ಹೇಳಿಲ್ಲ.