ಕುರ್ಚಿ ಗಳಿಸಿಕೊಟ್ಟ ಅಪ್ಪ

ಅಮೆರಿಕದ ಸ್ಯಾನ್ ಡಿಯಾಗೊದ ಕ್ಲಿನಿಕ್ ಒಂದರಲ್ಲಿ ಆಪ್ತಸಲಹೆ ಕೊಡುವ ನನಗೆ, ಕೂರುವುದನ್ನು ಕಮ್ಮಿ ಮಾಡಿ ಅಂದರೆ ಮುಖ ಬಿಗಿಯುವವರು ಮತ್ತೆ ಮತ್ತೆ ಸಿಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಂಥವರಲ್ಲಿ ಒಬ್ಬರು ಮೆಕ್ಸಿಕೊ ಮೂಲದವರು, ಅರವತ್ತರ ಹತ್ತಿರ. ಲಾರಿ ಕಂಪನಿಯಲ್ಲಿ ಯಾವ ಲೋಡ್ ಎಲ್ಲಿಗೆ ಹೋಗಬೇಕು ಅಂತ ನೋಡಿಕೊಳ್ಳುವ ಕೆಲಸ. ದಿನವಿಡೀ ಫೋನು, ಸ್ಕ್ರೀನು. ಸಕ್ಕರೆ ಗಡಿಯಲ್ಲಿದೆ, ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಜಾಸ್ತಿ. ಡಾಕ್ಟರ್ ಮಾತು ಕೇಳುವುದೇ ಇಲ್ಲ ಅಂತ ಹೆಂಡತಿ ಕರೆತಂದಿದ್ದರು.

ಕೂರುವುದನ್ನು ಕಮ್ಮಿ ಮಾಡಬೇಕು ಅಂದೆ. ಅವರ ಮುಖ ಬಿಗಿಯಾಯಿತು.

“ನಮ್ಮಪ್ಪ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಲೆಟ್ಯೂಸ್ ಸೊಪ್ಪಿನ ಹೊಲದ ಕೂಲಿ, ಮೇಡಂ. ಕೈಗೆ ಗಿಡ್ಡ ಹಿಡಿಯ ಗುದ್ದಲಿ. ಬೆಳಗಿಂದ ಸಂಜೆವರೆಗೂ ಬಾಗಿಯೇ ಇರಬೇಕು. ಸೊಂಟ ನೆಟ್ಟಗೆ ಮಾಡಿದ್ರೆ ಮೇಸ್ತ್ರಿಗೆ ದೂರದಿಂದಲೇ ಕಾಣೋದು. ನೀನಾದರೂ ಕೂತು ದುಡಿ ಅಂತ ನನ್ನನ್ನ ಓದಿಸಿದರು. ಈಗ ಆ ಕುರ್ಚಿನೇ ತಪ್ಪು ಅಂತೀರಾ?”

ಆ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1975ರಲ್ಲಿ. ಅಷ್ಟರಲ್ಲಿ ಅವರಪ್ಪನ ಬೆನ್ನು ಹೋಗಿತ್ತು. ಇಂಥವರಿಗೆ ಸೋಮಾರಿತನದ ಪಾಠ ಹೇಳುವುದು ಅನ್ಯಾಯ ಅಲ್ವಾ?

“ಕುರ್ಚಿ ಬಿಡಬೇಡಿ. ಅದು ಅಪ್ಪ ಗಳಿಸಿಕೊಟ್ಟದ್ದು. ಆದರೆ ನೆಟ್ಟಗೆ ನಿಲ್ಲೋದಕ್ಕೆ ಅವರನ್ನ ಮೇಸ್ತ್ರಿ ಬಿಡ್ತಿರಲಿಲ್ಲ. ನಿಮ್ಮನ್ನ ಯಾರು ತಡೀತಾರೆ?” ಅಂದೆ.

ಸ್ವಲ್ಪ ಯೋಚಿಸಿ, “ಫೋನು” ಅಂದರು. ಹೆಡ್‌ಸೆಟ್ ಇದೆಯಲ್ಲ ಅಂತ ಕೇಳಿದೆ. ಇತ್ತು.

ಮಾತು ಅಲ್ಲಿಂದ ಸಲೀಸಾಯಿತು. ಲಾರಿಯವರ ಜೊತೆ ಮಾತಾಡುವಾಗ ನಿಂತುಕೊಳ್ಳುವುದು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದವರೆಗೆ ಹೋಗಿಬರುವುದು. ಡಾಕ್ಟರ್ ಕೊಟ್ಟ ಮಾತ್ರೆ ತಪ್ಪಿಸದಿರುವುದು. ಇಷ್ಟೇ ಹೇಳಿದ್ದು.

ಜಿಮ್‌ಗೆ ಯಾಕೆ ಕಳಿಸಲಿಲ್ಲ ಅಂತ ಸಹೋದ್ಯೋಗಿಗಳು ಕೇಳಿದರು. ವ್ಯಾಯಾಮ ಬೇಡ ಅಂತ ನಾನು ಹೇಳಿಲ್ಲ. ಆದರೆ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 2008ರಿಂದ 16,000ಕ್ಕೂ ಹೆಚ್ಚು ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಜನರ ಮೇಲೆ ದೊಡ್ಡ ಅಧ್ಯಯನ ನಡೆದಿದೆ. ಸೊಂಟಕ್ಕೆ ಪುಟ್ಟ ಯಂತ್ರ ಕಟ್ಟಿ ಅಳೆದಾಗ ದಿನಕ್ಕೆ ಸರಾಸರಿ 12 ಗಂಟೆಯಷ್ಟು ಹೊತ್ತು ಅಲುಗಾಟವೇ ಕಮ್ಮಿ ಅಂತ ಕಂಡಿತು. ವಾರಕ್ಕೆ 150 ನಿಮಿಷದ ವ್ಯಾಯಾಮ ಮಾಡುವವರಲ್ಲೂ, ಜಾಸ್ತಿ ಕೂತವರ ಸಕ್ಕರೆ, ಇನ್ಸುಲಿನ್ ಲೆಕ್ಕ ಕೆಟ್ಟಿತ್ತು. ಹಾಗಿದ್ದ ಮೇಲೆ ಒಂದು ಗಂಟೆ ಜಿಮ್ ಮಾಡಿಸಿ ಉಳಿದ ಹೊತ್ತನ್ನು ಸುಮ್ನೆ ಬಿಡೋದು ಹೇಗೆ?

ನಮ್ಮ ಮನೆಗಳಲ್ಲೂ ‘ನೆರಳಲ್ಲಿ ಕೂತು ದುಡಿಯೋ ಕೆಲಸ’ ಅಂತ ಮಕ್ಕಳನ್ನು ಓದಿಸಿದವರೇ ಜಾಸ್ತಿ. ದಕ್ಷಿಣ ಏಷ್ಯಾ ಮೂಲವನ್ನೂ ಹೃದಯದ ಅಪಾಯ ಹೆಚ್ಚಿಸುವ ಅಂಶ ಅಂತ ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಎಣಿಸಿದೆ. ಹಾಗಾಗಿ ಮನೆಯವರಿಗೆ ಬುದ್ಧಿ ಹೇಳುವ ಮೊದಲು, ಆ ಕುರ್ಚಿ ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿ.

ಅವರ ಹೆಂಡತಿಗೂ ಒಂದು ಮಾತು ಹೇಳಿದೆ: ಊಟ ಆದ ಮೇಲೆ ‘ಎದ್ದೇಳಿ, ಎದ್ದೇಳಿ’ ಅನ್ನಬೇಡಿ. ‘ಬನ್ನಿ, ಒಂದು ಸುತ್ತು ಹೋಗಿಬರೋಣ’ ಅನ್ನಿ.