ನೂರು ಡಾಲರ್ ಹೆಚ್ಚಳ, ಕೈಗೆ ಮೂವತ್ತೈದು

ಸಂಪಾದಕರ ಉತ್ತರ

ಅಮೆರಿಕದ ಆಹಾರ ನೆರವಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಟೆಕ್ಸಾಸ್‌ನ ಪ್ಲೇನೋದಿಂದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ಮುಖ್ಯ ಆಕ್ಷೇಪ ನಾಲ್ಕು. ಸರ್ಕಾರ ಕೂರಿಸಿ ಊಟ ಹಾಕಿದರೆ ಯಾರೂ ದುಡಿಯುವುದಿಲ್ಲ. ಕಪ್ಪು ಜನರ ಕುಟುಂಬಗಳು ಒಡೆದು ಅಪರಾಧ ಹೆಚ್ಚಿದ್ದಕ್ಕೆ ಈ ನೆರವೇ ಕಾರಣ. ಎರಡು ಸೂಟ್‌ಕೇಸ್ ಹಿಡಿದು ಬಂದ ನಾವು ಯಾರ ಮುಂದೂ ಕೈ ಚಾಚಲಿಲ್ಲ. ಕರ್ನಾಟಕದ ‘ಬಿಟ್ಟಿ ಭಾಗ್ಯ’ಗಳನ್ನು ಸಮರ್ಥಿಸಲೆಂದೇ ಪತ್ರಿಕೆ ಅಮೆರಿಕದ ಉದಾಹರಣೆ ತಂದಿದೆ. ಕೊನೆಯಲ್ಲಿ ತಮ್ಮ ತಂದೆತಾಯಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದ್ದಾರೆ.

ಮಾನ್ಯರೇ,

ಮೊದಲು ಒಂದು ಸಣ್ಣ ತಿದ್ದುಪಡಿ. ನಿಮ್ಮ ಪತ್ರದಲ್ಲಿ ‘ಕರಿಯರು’ ಎಂದಿದ್ದ ಕಡೆಯೆಲ್ಲ ‘ಕಪ್ಪು ಜನ’ ಎಂದು ಮಾಡಿಕೊಂಡಿದ್ದೇವೆ. ನಿಮ್ಮ ವಾದಕ್ಕೆ ಇದರಿಂದ ಏನೂ ಕಡಿಮೆಯಾಗಿಲ್ಲ.

ನಿಮ್ಮ ಮೊದಲ ಮಾತಿನಲ್ಲಿ ಸತ್ಯ ಇದೆ. ಎಷ್ಟು ಇದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಇಬ್ಬರು ಮಕ್ಕಳಿರುವ ಒಬ್ಬ ಒಂಟಿ ತಾಯಿಯನ್ನು ತೆಗೆದುಕೊಳ್ಳೋಣ. ತಿಂಗಳ ಸಂಬಳ 2,000 ಡಾಲರ್. ಬಾಡಿಗೆ, ಕರೆಂಟು ಎಲ್ಲ ಸೇರಿ 1,100. ಆಕೆಗೆ ಸ್ನ್ಯಾಪ್, ಅಂದರೆ ಆಹಾರ ಕೊಳ್ಳಲು ಸರ್ಕಾರ ಕಾರ್ಡಿಗೆ ಹಾಕುವ ನೆರವು (ಹಳೆಯ ಫುಡ್ ಸ್ಟ್ಯಾಂಪ್), ಎಷ್ಟು ಬರುತ್ತದೆ? 2024ರ ಅಕ್ಟೋಬರ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ದರ ಹಿಡಿದರೆ, ಸಂಬಳದಲ್ಲಿ ಶೇ 20 ಬಿಟ್ಟು, 204 ಡಾಲರ್ ಕಳೆದಾಗ 1,396 ಉಳಿಯುತ್ತದೆ. ಮನೆಖರ್ಚು ಇದರ ಅರ್ಧವನ್ನು ಮೀರಿದ್ದು 402. ಅದನ್ನೂ ಕಳೆದರೆ 994. ಇದರ ಶೇ 30, ಅಂದರೆ 299 ಡಾಲರನ್ನು ಆಕೆ ತನ್ನ ಕೈಯಿಂದ ಊಟಕ್ಕೆ ಹಾಕಬೇಕು ಎಂಬುದು ಸರ್ಕಾರದ ಲೆಕ್ಕ. ಮೂವರ ಮನೆಗೆ ಗರಿಷ್ಠ ನೆರವು 768. ಅದರಲ್ಲಿ 299 ಹೋದರೆ ಕಾರ್ಡಿಗೆ ಬೀಳುವುದು 469.

ಈಗ ಸಂಬಳ ನೂರು ಡಾಲರ್ ಹೆಚ್ಚಿತು ಅನ್ನಿ. ಅದೇ ಲೆಕ್ಕ ಮತ್ತೆ ಹಾಕಿದರೆ ಕಾರ್ಡಿಗೆ ಬೀಳುವುದು 433. ಮೂವತ್ತಾರು ಹೋಯಿತು. ದುಡಿಯುವ ಬಡವರಿಗೆ ತೆರಿಗೆ ಇಲಾಖೆ ಕೊಡುವ ಇಐಟಿಸಿ ಎಂಬ ಮರುಪಾವತಿ ಇದೆಯಲ್ಲ, ಅದು ಇಬ್ಬರು ಮಕ್ಕಳಿರುವ ಒಂಟಿ ತಾಯಿಗೆ 2025ರಲ್ಲಿ ವರ್ಷದ ಆದಾಯ 23,350 ದಾಟಿದ ಮೇಲೆ ಡಾಲರಿಗೆ 21 ಸೆಂಟಿನಂತೆ ಕರಗುತ್ತದೆ. ಈಕೆಯ ವರ್ಷದ ದುಡಿಮೆ 24,000. ಹಾಗಾಗಿ ಇನ್ನೊಂದು 21 ಹೋಯಿತು. ವೃದ್ಧಾಪ್ಯದ ಪಿಂಚಣಿ, ಆರೋಗ್ಯ ವಿಮೆಗೆಂದು ಸಂಬಳದಲ್ಲಿ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತ ಏಳೂವರೆಯ ಮೇಲೆ. ಈ ಮೂರನ್ನಷ್ಟೇ ಹಿಡಿದರೆ, ನೂರು ಡಾಲರ್ ಹೆಚ್ಚಳದಲ್ಲಿ ಮನೆಗೆ ಬಂದದ್ದು ಮೂವತ್ತೈದು.

ನಿಮ್ಮ ವಾದದವರು ದಶಕಗಳಿಂದ ಹೇಳುತ್ತಿರುವುದು ಇದನ್ನೇ, ಲೆಕ್ಕ ಸರಿಯಾಗಿಯೂ ಇದೆ. ಕೋಟ್ಯಧಿಪತಿಗೂ ಹೆಚ್ಚುವರಿ ಡಾಲರಿನ ಮೇಲೆ ಇಷ್ಟು ಫೆಡರಲ್ ತೆರಿಗೆ ಇಲ್ಲ. ಆದರೆ ಒಂದು ಗಮನಿಸಿ. ಈ ಲೆಕ್ಕದಲ್ಲಿರುವ ಹೆಂಗಸು ಕೂತು ಉಣ್ಣುತ್ತಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾಳೆ. ದುಡಿಯದೆ ಇರುವವರ ವಿಷಯದಲ್ಲಿ ಕಾನೂನು ನೀವು ಬಯಸುವುದಕ್ಕಿಂತಲೂ ಬಿಗಿ. ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ವಯಸ್ಕರು ವಾರಕ್ಕೆ 20 ಗಂಟೆ ಕೆಲಸ ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ಸ್ನ್ಯಾಪ್. ಈ ನಿಯಮ 1996ರಿಂದ ಇದೆ. ಮೊದಲು 49ರ ವಯಸ್ಸಿನವರೆಗೆ ಇದ್ದದ್ದು ಆಮೇಲೆ 54ಕ್ಕೆ ಏರಿತು, 2025ರ ಜುಲೈ ಕಾನೂನು ಅದನ್ನು 64ರವರೆಗೆ ಎಳೆಯಿತು.

ನೀವಿರುವ ಟೆಕ್ಸಾಸ್‌ನಲ್ಲಿ ಇದೇ ತಾಯಿಗೆ ಇನ್ನೊಂದು ತಿರುವು ಕಾದಿದೆ. ಮಕ್ಕಳಿಗೆ ಮೆಡಿಕೇಯ್ಡ್, ಅಂದರೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಸಿಗುತ್ತದೆ, ಆಕೆಗಿಲ್ಲ, ಏಕೆಂದರೆ ಅಲ್ಲಿ ತಂದೆತಾಯಿಯರ ಆದಾಯ ಮಿತಿ ತೀರಾ ಕೆಳಗಿದೆ. ಖಾಸಗಿ ವಿಮೆಗೆ ಸಬ್ಸಿಡಿ ಬೇಕೆಂದರೆ ಬಡತನ ರೇಖೆಯ ಮೇಲಿರಬೇಕು. ಮೂವರ ಮನೆಗೆ 2025ರ ರೇಖೆ 26,650 ಡಾಲರ್. 24,000 ದುಡಿಯುವವಳು ಅದಕ್ಕಿಂತ ಬಡವಳು, ಹಾಗಾಗಿ ಸಬ್ಸಿಡಿ ಇಲ್ಲ. ರಾಜ್ಯಗಳೆಲ್ಲ ಮೆಡಿಕೇಯ್ಡ್ ವಿಸ್ತರಿಸುತ್ತವೆ ಎಂದು ನಂಬಿ 2010ರಲ್ಲಿ ಈ ಸಬ್ಸಿಡಿಯ ಕಾನೂನು ಬರೆದರು, 2012ರಲ್ಲಿ ಸುಪ್ರೀಂ ಕೋರ್ಟು ಅದು ಕಡ್ಡಾಯವಲ್ಲ ಎಂದಿತು, ಟೆಕ್ಸಾಸ್ ವಿಸ್ತರಿಸಲಿಲ್ಲ. ನಡುವಿನ ಸಂದಿಗೆ ಬಿದ್ದವರಿಗೆ ಎರಡೂ ಇಲ್ಲ.

ಕೆಲಸದ ಷರತ್ತು ಹಾಕಿದರೆ ಸೋಮಾರಿಗಳು ದಾರಿಗೆ ಬರುತ್ತಾರೆ ಎಂದು ಬರೆದಿದ್ದೀರಿ. ಅರ್ಕಾನ್ಸಾಸ್ 2018ರ ಜೂನ್‌ನಲ್ಲಿ ಮೆಡಿಕೇಯ್ಡ್‌ಗೆ ಇದನ್ನು ಮಾಡಿ ನೋಡಿತು: ತಿಂಗಳಿಗೆ 80 ಗಂಟೆ ಕೆಲಸ, ಅದನ್ನು ವರದಿ ಮಾಡಲು ಮೊದಲಿಗೆ ವೆಬ್‌ಸೈಟ್ ಒಂದೇ ದಾರಿ. ಆ ವೆಬ್‌ಸೈಟ್ ರಾತ್ರಿ 9ಕ್ಕೆ ಬಾಗಿಲು ಹಾಕಿದರೆ ತೆಗೆಯುತ್ತಿದ್ದುದು ಬೆಳಿಗ್ಗೆ 7ಕ್ಕೆ! ಅಂಗಡಿಗಾದರೂ ಸರಿ, ವೆಬ್‌ಸೈಟಿಗೆ ರಾತ್ರಿ ನಿದ್ದೆ ಏಕೆ ಬೇಕಿತ್ತೋ. ವರ್ಷ ಮುಗಿಯುವುದರೊಳಗೆ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಆಮೇಲೆ ನಡೆದ ಅಧ್ಯಯನದಲ್ಲಿ ಗೊತ್ತಾದದ್ದು, ಷರತ್ತಿಗೆ ಒಳಪಟ್ಟವರಲ್ಲಿ ಶೇ 95ಕ್ಕಿಂತ ಹೆಚ್ಚು ಮಂದಿ ಅಷ್ಟು ದುಡಿಯುತ್ತಿದ್ದವರೇ, ಇಲ್ಲವೇ ವಿನಾಯಿತಿಗೆ ಅರ್ಹರು. ಉದ್ಯೋಗ ಹೆಚ್ಚಲಿಲ್ಲ. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯ ತಡೆಯಿತು. ಮೆಡಿಕೇಯ್ಡ್ ವಿಸ್ತರಿಸಿದ ರಾಜ್ಯಗಳಿಗೆಲ್ಲ ಈಗ ಅದೇ 80 ಗಂಟೆ 2027ರ ಜನವರಿಯೊಳಗೆ ಬರಲಿದೆ. ಅಲ್ಲಿ ನೋಡಬೇಕಾದದ್ದು ಷರತ್ತನ್ನಲ್ಲ, ಫಾರಂ ತುಂಬುವ ವ್ಯವಸ್ಥೆಯನ್ನು. ಸಂಬಳದ ದಾಖಲೆ ಸರ್ಕಾರದ ಕಂಪ್ಯೂಟರಿನಲ್ಲಿಯೇ ಇರುವಾಗ ಅದನ್ನು ಎತ್ತಿಕೊಳ್ಳದೆ ಜನರ ಕೈಲಿ ಪ್ರತಿ ತಿಂಗಳು ಬರೆಸಿದರೆ ಬೀಳುವವರು ಸೋಮಾರಿಗಳಲ್ಲ, ಸರದಿ ಕೆಲಸದವರು.

ನೆರವಿನಲ್ಲಿ ಮೋಸ ನಡೆಯುತ್ತದೆ ಎನ್ನಲು ಪತ್ರದಲ್ಲಿ ನೀವು ಎತ್ತಿದ ಅಂಕಿ ಸರಿ: 2024ರಲ್ಲಿ ಸ್ನ್ಯಾಪ್ ಪಾವತಿಯ ತಪ್ಪಿನ ಪ್ರಮಾಣ ಶೇ 10.93. ಇದು ನಾಚಿಕೆಗೇಡು. ಆದರೆ ತಪ್ಪು ಬೇರೆ, ಮೋಸ ಬೇರೆ. ಆ ಅಂಕಿಯಲ್ಲಿ ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟದ್ದೂ ಸೇರಿದೆ. ಗುಮಾಸ್ತರು ಸಂಬಳ, ಬಾಡಿಗೆ ತಪ್ಪಾಗಿ ಹಿಡಿದದ್ದೂ ಇದೆ. ಮೇಲಿನ ಲೆಕ್ಕವನ್ನು ವಾರಕ್ಕೊಂದು ಥರ ಗಂಟೆ ಸಿಗುವ ಹೋಟೆಲ್ ಕೆಲಸದವಳಿಗೆ ಹಾಕಿ ನೋಡಿ, ತಪ್ಪು ಎಲ್ಲಿ ಹುಟ್ಟುತ್ತದೆಂದು ತಿಳಿಯುತ್ತದೆ. ಕಳ್ಳತನವೂ ಇದೆ, ಅಲ್ಲಿ ಕಳೆದುಕೊಳ್ಳುವವರು ಬಡವರು. ಸ್ನ್ಯಾಪ್ ಹಣ ಬೀಳುವ ಇಬಿಟಿ ಕಾರ್ಡಿನಲ್ಲಿ ಬಹುತೇಕ ರಾಜ್ಯಗಳಲ್ಲಿ ಚಿಪ್ ಇಲ್ಲ, ಹಿಂದೆ ಕಪ್ಪು ಪಟ್ಟಿ ಮಾತ್ರ. ಅಂಗಡಿಯ ಯಂತ್ರದ ಮೇಲೆ ಕಳ್ಳ ತನ್ನದೊಂದು ಹೊದಿಕೆ ಕೂರಿಸಿ ಆ ಪಟ್ಟಿಯನ್ನೂ ಪಿನ್ನನ್ನೂ ನಕಲು ಮಾಡುತ್ತಾನೆ. ತಿಂಗಳ ಹಣ ಜಮೆಯಾದ ರಾತ್ರಿಯೇ ಖಾತೆ ಖಾಲಿ. ಹೀಗೆ ಹೋದದ್ದನ್ನು ಕೇಂದ್ರದ ಹಣದಿಂದ ತುಂಬಿಕೊಡುವ ಅವಕಾಶ 2024ರ ಡಿಸೆಂಬರ್ 20ಕ್ಕೆ ಮುಗಿಯಿತು.

ಇನ್ನು ನಿಮ್ಮ ಪತ್ರದ ಅತಿ ಖಾರವಾದ ಭಾಗ: ಜನಾಂಗ, ಕುಟುಂಬ, ಅಪರಾಧ. ಈ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿದ್ದೀರಿ. ನಿಮ್ಮ ವಿರೋಧಿಗಳೂ ಕಟ್ಟುತ್ತಾರೆ, ಎತ್ತುಗಳ ಮುಖ ಮಾತ್ರ ಬೇರೆ ದಿಕ್ಕಿಗೆ.

ಎಣಿಕೆಯಲ್ಲಿ ಸ್ನ್ಯಾಪ್ ಪಡೆಯುವ ಅತಿ ದೊಡ್ಡ ಗುಂಪು ಬಿಳಿಯರದು, ಸುಮಾರು ಶೇ 35. ಕಪ್ಪು ಜನ ಸುಮಾರು ಶೇ 26. ಪ್ರಮಾಣದಲ್ಲಿ ಬಡತನ ಕಪ್ಪು ಜನರಲ್ಲೇ ಹೆಚ್ಚು ಎಂಬುದೂ ನಿಜ: 2023ರಲ್ಲಿ ಶೇ 17.9, ಬಿಳಿಯರಲ್ಲಿ 7.7. ಆದರೆ ಬಡವ ಎಂದೊಡನೆ ಕಪ್ಪು ಮುಖವೇ ಕಣ್ಣಿಗೆ ಬರುವಂತೆ ಮಾಡಿದ ಪಾಪದಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. 1988ರಿಂದ 1992ರವರೆಗೆ ಅಮೆರಿಕದ ಮೂರು ದೊಡ್ಡ ವಾರಪತ್ರಿಕೆಗಳು ಅಚ್ಚು ಹಾಕಿದ ಬಡವರ ಚಿತ್ರಗಳಲ್ಲಿ ಶೇ 62 ಕಪ್ಪು ಜನರವು. ಆಗ ಬಡವರಲ್ಲಿ ಅವರ ನಿಜ ಪಾಲು ಶೇ 29. ಮುಂದೆ ಅಧ್ಯಕ್ಷರಾದ ರೇಗನ್ 1976ರ ಚುನಾವಣಾ ಪ್ರಚಾರದಲ್ಲಿ ಶಿಕಾಗೋದ ಹೆಂಗಸೊಬ್ಬಳು 80 ಹೆಸರಿಟ್ಟುಕೊಂಡು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಹೊಡೆದಳೆಂದು ಹೇಳುತ್ತಿದ್ದರು. ಆಕೆ ಮೋಸ ಮಾಡಿದ್ದು ನಿಜ, ಶಿಕ್ಷೆಯೂ ಆಯಿತು. ನ್ಯಾಯಾಲಯದ ಮುಂದೆ ಬಂದದ್ದು ನಾಲ್ಕು ಹೆಸರು, ಸುಮಾರು 8,000 ಡಾಲರ್.

ಕುಟುಂಬದ ವಿಷಯದಲ್ಲಿ ನೀವು ಅರ್ಧ ಸರಿ. 1935ರ ಹಳೆಯ ನಗದು ನೆರವು ತಂದೆ ಇಲ್ಲದ ಮಕ್ಕಳಿಗೆಂದು ಹುಟ್ಟಿದ್ದು. ಅಲಬಾಮಾದಂಥ ರಾಜ್ಯಗಳು ಅದನ್ನು ಇನ್ನೂ ಬಿಗಿ ಮಾಡಿ, ತಾಯಿಯ ಜೊತೆ ಗಂಡಸಿನ ಓಡಾಟ ಕಂಡರೆ ಮಕ್ಕಳ ಹಣ ನಿಲ್ಲಿಸುತ್ತಿದ್ದವು. ಲೂಸಿಯಾನಾ 1960ರಲ್ಲಿ ‘ಮನೆ ಯೋಗ್ಯವಾಗಿಲ್ಲ’ ಎಂಬ ನೆಪದಲ್ಲಿ ಸುಮಾರು 23,000 ಮಕ್ಕಳನ್ನು ಪಟ್ಟಿಯಿಂದ ತೆಗೆಯಿತು, ಬಹುಪಾಲು ಕಪ್ಪು ಮಕ್ಕಳು. ಅಲಬಾಮಾ ನಿಯಮವನ್ನು ಸುಪ್ರೀಂ ಕೋರ್ಟು 1968ರಲ್ಲಿ ಹೊಡೆದುಹಾಕಿತು. ಅಂದರೆ ಗಂಡಸನ್ನು ಮನೆಯಿಂದ ಹೊರಗಿಟ್ಟ ನಿಯಮ ಇತ್ತು. ಅದನ್ನು ಬರೆದದ್ದು ನೆರವು ಕೊಡಲು ಹಾತೊರೆದವರಲ್ಲ, ಕೊಡಲು ಮನಸ್ಸಿಲ್ಲದವರು. ಆ ನಗದು ನೆರವೇ 1996ರಲ್ಲಿ ಮುಗಿಯಿತು. ಅದರ ಜಾಗಕ್ಕೆ ಬಂದ ಟ್ಯಾನ್ಫ್‌ಗೆ ಜೀವಮಾನದಲ್ಲಿ 60 ತಿಂಗಳ ಮಿತಿ. ಮಿಸಿಸಿಪ್ಪಿಯಲ್ಲಿ ಮೂವರ ಮನೆಗೆ ಸಿಗುವುದು ತಿಂಗಳಿಗೆ ಹೆಚ್ಚೆಂದರೆ 260 ಡಾಲರ್. ನೆರವೇ ಕೊಲೆಗಡುಕರನ್ನು ಹುಟ್ಟಿಸುವುದಾದರೆ ಮಿಸಿಸಿಪ್ಪಿ ಶಾಂತವಾಗಿರಬೇಕಿತ್ತು. ಕೊಲೆಯ ಪ್ರಮಾಣದಲ್ಲಿ ಅದು ದೇಶದ ಮೊದಲ ಸಾಲಿನಲ್ಲಿದೆ.

ಹಾಗೆಂದು ಬಡತನ ಕಳೆದರೆ ಅಪರಾಧ ಕಳೆಯಿತು ಎನ್ನುವವರೂ ಹಿಗ್ಗಬೇಕಿಲ್ಲ. 2008ರ ಕುಸಿತದ ನಂತರ ಬಡತನ ಏರಿ 2010ರಲ್ಲಿ ಶೇ 15.1 ಮುಟ್ಟಿತು, ಹಿಂಸಾಪರಾಧ ಇಳಿಯುತ್ತಲೇ ಹೋಯಿತು. 2021ರಲ್ಲಿ ಮಗುವಿಗೆ ತಿಂಗಳಿಗೆ 250–300 ಡಾಲರ್ ನೇರವಾಗಿ ಕೊಟ್ಟಾಗ, ನೆರವನ್ನೂ ಸೇರಿಸಿ ಅಳೆಯುವ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಹಿಂದಿನ ವರ್ಷ ಜಿಗಿದಿದ್ದ ಕೊಲೆಗಳು ಇಳಿಯಲಿಲ್ಲ. ಹಣ ನಿಂತು 2022ರಲ್ಲಿ ಆ ಬಡತನ ಶೇ 12.4ಕ್ಕೆ ಹಾರಿದಾಗ ಕೊಲೆಗಳು ಇಳಿಯತೊಡಗಿದವು. ಎರಡೂ ಕಡೆಯ ಭಾಷಣಕಾರರಿಗೆ ಈ ವರ್ಷಗಳು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಸಂಬಂಧ ಇರುವುದು ಸಣ್ಣ ಜಾಗಗಳಲ್ಲಿ, ಅಲ್ಲಿ ಗಟ್ಟಿಯಾಗಿಯೇ ಇದೆ. ಅಂಗವಿಕಲ ಮಕ್ಕಳಿಗೆ ಎಸ್‌ಎಸ್‌ಐ ಎಂಬ ನೆರವಿದೆ. 1996ರ ಆಗಸ್ಟ್ 22ರ ನಂತರ 18 ತುಂಬಿದವರನ್ನು ಮತ್ತೆ ಪರೀಕ್ಷಿಸಿ ಅನೇಕರನ್ನು ಕೈಬಿಟ್ಟರು. ಅದಕ್ಕೆ ಮುಂಚೆ 18 ತುಂಬಿದವರಲ್ಲಿ ಹೆಚ್ಚಿನವರು ಉಳಿದುಕೊಂಡರು. ಹುಟ್ಟಿದ ದಿನ ಕೆಲವು ವಾರ ಆಚೀಚೆ, ಉಳಿದಂತೆ ಒಂದೇ ಥರದ ಹುಡುಗರು. ಇಬ್ಬರನ್ನೂ ಎರಡು ದಶಕ ಹಿಂಬಾಲಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು: ನೆರವು ಕಳೆದುಕೊಂಡವರ ಮೇಲೆ ಮೊಕದ್ದಮೆ ಶೇ 20 ಹೆಚ್ಚು, ಕಳ್ಳತನ, ವಂಚನೆಯಂಥ ದುಡ್ಡಿನ ಅಪರಾಧಗಳಲ್ಲಿ ಶೇ 60 ಹೆಚ್ಚು. ಜೈಲು, ಪೊಲೀಸು, ಕೋರ್ಟಿನ ಖರ್ಚು ಕೂಡಿಸಿದರೆ ನೆರವು ನಿಲ್ಲಿಸಿ ಉಳಿಸಿದ್ದೆಲ್ಲ ಹೆಚ್ಚುಕಡಿಮೆ ಅಲ್ಲೇ ಹೋಯಿತು.

ಇನ್ನೊಂದು ನಮಗೆ ಬಹಳ ಹಿಡಿಸಿದ್ದು. ಇಲಿನಾಯ್ 2010ರಲ್ಲಿ ಸ್ನ್ಯಾಪ್ ಜಮೆಯಾಗುವ ದಿನಗಳನ್ನು ತಿಂಗಳಲ್ಲಿ ಇನ್ನಷ್ಟು ಚದುರಿಸಿತು. ಒಂದು ಡಾಲರೂ ಹೆಚ್ಚು ಕೊಡಲಿಲ್ಲ. ಶಿಕಾಗೋದ ದಿನಸಿ ಅಂಗಡಿಗಳಲ್ಲಿ ಕಳ್ಳತನ ಶೇ 20ರಷ್ಟು ಇಳಿಯಿತು. ಮೂರನೆಯ, ನಾಲ್ಕನೆಯ ವಾರಕ್ಕೆ ಎಲ್ಲರ ಕಾರ್ಡೂ ಒಟ್ಟಿಗೆ ಬರಿದಾಗುವುದು ತಪ್ಪಿತು, ಅಷ್ಟೇ. ಅದೇ ಊರಿನಲ್ಲಿ ಹೈಸ್ಕೂಲು ಹುಡುಗರಿಗೆ ಎಂಟು ವಾರದ ಬೇಸಿಗೆ ಕೆಲಸ ಕೊಟ್ಟಾಗ ಹಿಂಸಾಪರಾಧದ ಬಂಧನಗಳು ಮುಂದಿನ 16 ತಿಂಗಳಲ್ಲಿ ಶೇ 43 ಕಡಿಮೆಯಾದವು. ಕಳ್ಳತನ ಮಾತ್ರ ಇಳಿಯಲಿಲ್ಲ. ಇಂಥವನ್ನು ಕೆಲಸ ಎಂದು ಕರೆಯುತ್ತೀರೋ ನೆರವು ಎಂದೋ, ನಮಗೆ ಜಗಳವಿಲ್ಲ.

‘ನಾವು ಕೈ ಚಾಚಲಿಲ್ಲ’ ಎಂಬುದಕ್ಕೆ ಬರೋಣ. ಎಚ್-1ಬಿ ವೀಸಾದವರು ಸ್ನ್ಯಾಪ್ ಕೇಳಿದರೂ ಕೊಡುವುದಿಲ್ಲ. ಪದವಿ ಇಲ್ಲದೆ ಆ ವೀಸಾ ಸಿಗುವುದು ಅಪರೂಪ. ಜರಡಿ ಹಿಡಿದು ಆರಿಸಿದ ಕಾಳನ್ನು ರಾಶಿಯ ಜೊತೆ ತೂಗಬಾರದು. ಸಿಇಟಿ ಸರ್ಕಾರಿ ಸೀಟಿನಲ್ಲಿ ಓದಿ ಬಂದವರು ಆ ಪದವಿಗೆ ಕರ್ನಾಟಕದ ಬೊಕ್ಕಸ ಹಾಕಿದ್ದನ್ನೂ ನೆನೆಯಬೇಕು. ಮತ್ತೊಂದು: 1946ರಿಂದ ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ಇತ್ತು. ಅದನ್ನು ತೆಗೆದ 1965ರ ಕಾನೂನು ಪೂರ್ತಿ ಜಾರಿಯಾದದ್ದು 1968ರ ಜುಲೈನಲ್ಲಿ. ಬಣ್ಣ ನೋಡಿ ಮನೆ ಮಾರಬಾರದೆಂಬ ಕಾನೂನು ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. 1934ರಿಂದ ಗೃಹಸಾಲಕ್ಕೆ ಸರ್ಕಾರ ವಿಮೆ ಕೊಟ್ಟು ಬಿಳಿ ಬಡಾವಣೆಗಳನ್ನು ಕಟ್ಟಿದಾಗ ಕಪ್ಪು ಕೇರಿಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಬಿಟ್ಟಿದ್ದರು. ಬಾಗಿಲು ತೆರೆಯಲು ಹೋರಾಡಿದವರು ಅವರು. ತೆರೆದ ಬಾಗಿಲಲ್ಲಿ ಬಂದವರು ನಾವು. ನಿಮ್ಮ ಮನೆಸಾಲದ ಬಡ್ಡಿಯನ್ನು ತೆರಿಗೆಯಲ್ಲಿ ಕಳೆಯುತ್ತಿದ್ದರೆ ಅದೂ ಸರ್ಕಾರದ ಹಣವೇ, ಕಾರ್ಡಿನ ಮೇಲೆ ಬರುವುದಿಲ್ಲ ಅಷ್ಟೇ.

‘ಬಿಟ್ಟಿ ಭಾಗ್ಯ’ದ ಆರೋಪ ಒಪ್ಪಲಾರೆವು. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ದುಡಿಮೆಗೆ ತಕ್ಕಂತೆ ಕರಗುವುದಿಲ್ಲ, ಹಾಗಾಗಿ ಮೇಲಿನ ಲೆಕ್ಕ ಇಲ್ಲಿಗೆ ಹೊಂದುವುದೇ ಇಲ್ಲ. ಅದರ ಗುಣದೋಷ ಬೇರೆ ಚರ್ಚೆ.

ಕೊನೆಗೆ ನಿಮ್ಮ ಪ್ರಶ್ನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಪಡೆದ ನಿಮ್ಮ ತಂದೆತಾಯಿಗೆ ಐದು ವರ್ಷ ಸ್ನ್ಯಾಪ್ ಆಗಲಿ ಮೆಡಿಕೇಯ್ಡ್ ಆಗಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಇದೂ 1996ರ ಕಾನೂನೇ. ಅವರನ್ನು ಕರೆಸುವಾಗ ನೀವು ಸಹಿ ಹಾಕಿದ ಐ-864 ಪತ್ರದಲ್ಲಿ ಬಡತನ ರೇಖೆಯ ಶೇ 125ರಷ್ಟು ಮಟ್ಟದಲ್ಲಿ ಅವರನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದೀರಿ. ಐದು ವರ್ಷದ ನಂತರ ಅವರು ಸ್ನ್ಯಾಪ್‌ಗೆ ಅರ್ಜಿ ಹಾಕಿದರೂ ನಿಮ್ಮ ಆದಾಯವನ್ನು ಅವರದೆಂದು ಹಿಡಿಯಬಹುದು. ಆ ಹೊಣೆ ಅವರು ಪೌರತ್ವ ಪಡೆದಾಗ ಅಥವಾ 40 ತ್ರೈಮಾಸಿಕ ದುಡಿಮೆ ಲೆಕ್ಕಕ್ಕೆ ಬಂದಾಗ ಇಳಿಯುತ್ತದೆ. 65 ದಾಟಿದವರು ಐದು ವರ್ಷ ಸತತವಾಗಿ ಅಲ್ಲಿ ನೆಲೆಸಿದ ಮೇಲೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಕೊಳ್ಳಬಹುದು. ಅದಕ್ಕಾಗಿ, ಅವರು ಊರಿಗೆ ಬಂದು ಹೋಗುವ ತಾರೀಕುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ.