ವಿದ್ಯುತ್ ಕಾರು: ಹೆಚ್ಚಿಗೆ ಕೊಡುವ ದುಡ್ಡು ಯಾವುದಕ್ಕೆ?

ಪ್ರಶ್ನೆ: ಶಾಲೆಗೆ ಹೋಗಿ ಬರಲು ನನಗೆ ದಿನಕ್ಕೆ 40 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಮಗಳ ಮನೆಗೆ ಹೋಗಬೇಕು. ನೋಡಿರುವ ಕಾರಿನಲ್ಲಿ 25 ಯೂನಿಟ್ ಬ್ಯಾಟರಿಯ ಟಾಪ್ ಮಾಡೆಲ್ ಹಾಗೂ 35 ಯೂನಿಟ್ ಬ್ಯಾಟರಿಯ ಕೆಳಗಿನ ಮಾಡೆಲ್, ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಶೋರೂಮಿನವರು ಸನ್‌ರೂಫ್, ದೊಡ್ಡ ಸ್ಕ್ರೀನ್ ತೋರಿಸಿ ಮೊದಲನೆಯದನ್ನೇ ತಗೊಳ್ಳಿ ಅನ್ನುತ್ತಿದ್ದಾರೆ. ಯಾವುದು ಸರಿ? (ದಾವಣಗೆರೆ)

ಉತ್ತರ: ಕೆಳಗಿನ ಮಾಡೆಲ್, ದೊಡ್ಡ ಬ್ಯಾಟರಿ. ದಿನದ 40 ಕಿ.ಮೀ.ಗೆ ಎರಡೂ ಸಾಕು, ಅದಕ್ಕೆ ಏಳು ಯೂನಿಟ್ ಸಾಲುತ್ತದೆ. ವ್ಯತ್ಯಾಸ ಗೊತ್ತಾಗುವುದು ಬೆಂಗಳೂರಿನ ದಾರಿಯಲ್ಲಿ.

ಕಂಪನಿಯ ಕರಪತ್ರದಲ್ಲಿ 35 ಯೂನಿಟ್ಟಿನ ಕಾರಿಗೆ 400 ಕಿ.ಮೀ. ಮೀರಿದ ಅಂಕಿ ಇರಬಹುದು. ಅದು ಪ್ರಯೋಗಾಲಯದಲ್ಲಿ ನಡೆಸುವ ಎಂಐಡಿಸಿ ಎಂಬ ಓಟದ ಪರೀಕ್ಷೆಯ ಲೆಕ್ಕ. ಅಲ್ಲಿ ಗರಿಷ್ಠ ವೇಗ 90 ಕಿ.ಮೀ., ಹೆಚ್ಚಿನ ಹೊತ್ತು ಊರೊಳಗಿನ ನಿಧಾನ ಗತಿ. ನಮ್ಮ ರಸ್ತೆಯಲ್ಲಿ ಊರೊಳಗಾದರೆ ಆ ಅಂಕಿಯ ಮುಕ್ಕಾಲು ಭಾಗ ಸಿಕ್ಕೀತು. ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು 90ರ ಮೇಲೆ ಹೋದರೆ ಅರ್ಧಕ್ಕೆ ಇಳಿಯುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, 80ರಲ್ಲಿ ಇದ್ದದ್ದು 110ಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ, ವಿದ್ಯುತ್ ಕಾರು ಊರೊಳಗೆ ಹೆಚ್ಚು ಕೊಡುತ್ತದೆ. ಹೊಸದಾಗಿ ಕೊಂಡವರು ಎಡವುವುದು ಇಲ್ಲೇ.

ಹೆದ್ದಾರಿಗೆ ಯೂನಿಟ್ಟಿಗೆ 6 ಕಿ.ಮೀ. ಎಂದು ಹಿಡಿಯಿರಿ. ಬ್ಯಾಟರಿಯನ್ನು ಶೇ 15ಕ್ಕಿಂತ ಕೆಳಗೆ ಇಳಿಸದೆ ಚಾರ್ಜರ್ ಸೇರಬೇಕು, ಏಕೆಂದರೆ ಆ ಚಾರ್ಜರ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗಲು ಅಷ್ಟಾದರೂ ಉಳಿದಿರಬೇಕು. 25 ಯೂನಿಟ್ಟಿನ ಕಾರು ಈ ಲೆಕ್ಕದಲ್ಲಿ ಮೊದಲ ಓಟಕ್ಕೆ 125 ಕಿ.ಮೀ. ಕೊಡುತ್ತದೆ. ಹಿರಿಯೂರಿನಲ್ಲಿ ಒಮ್ಮೆ, ತುಮಕೂರಿನಲ್ಲಿ ಇನ್ನೊಮ್ಮೆ ನಿಲ್ಲಬೇಕು. 35 ಯೂನಿಟ್ಟಿನದು 175 ಕಿ.ಮೀ. ಕೊಡುವುದರಿಂದ ಶಿರಾದ ಆಸುಪಾಸಿನಲ್ಲಿ ಅರ್ಧ ಗಂಟೆ ನಿಂತರೆ ಬೆಂಗಳೂರು ಸೇರಬಹುದು. ಅದೇ ಊಟದ ಹೊತ್ತು.

ಹಾಗಾದರೆ ಇನ್ನೂ ಎರಡು ಲಕ್ಷ ಹಾಕಿ 45 ಯೂನಿಟ್ಟಿಗೇ ಹೋಗೋಣವೇ ಎಂದು ಕೇಳಬಹುದು. ಅದರ ಲೆಕ್ಕ 230 ಕಿ.ಮೀ.; ನಿಮ್ಮ ದಾರಿ ಸುಮಾರು 260. ಅಂದರೆ ಅದರಲ್ಲೂ ಹತ್ತು ಹದಿನೈದು ನಿಮಿಷವಾದರೂ ನಿಲ್ಲಲೇಬೇಕು. ಎರಡು ನಿಲುಗಡೆಯನ್ನು ಒಂದಕ್ಕೆ ಇಳಿಸಲು ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಒಂದನ್ನು ಮುಕ್ಕಾಲಿಗೆ ಇಳಿಸಲು ಎರಡು ಲಕ್ಷ ಜಾಸ್ತಿಯೇ ಆಯಿತು.

ಬ್ಯಾಟರಿಯ ಜೊತೆ ಇನ್ನೆರಡು ಸಂಗತಿ ನೋಡಿ. ಮೊದಲನೆಯದು ಡಿಸಿ ಫಾಸ್ಟ್ ಚಾರ್ಜಿಂಗ್ ವೇಗ. ರಸ್ತೆಬದಿಯ ಚಾರ್ಜರ್ 60 ಕಿಲೋವಾಟ್ ಇದ್ದರೂ ಕಾರು 30 ಮಾತ್ರ ತೆಗೆದುಕೊಳ್ಳುವಂತಿದ್ದರೆ ಸಿಗುವುದು 30. ಎಂಜಿ ಕಾಮೆಟ್‌ನಂಥ ಪುಟ್ಟ ಕಾರಿಗೆ ಡಿಸಿ ಚಾರ್ಜಿಂಗ್ ಸೌಲಭ್ಯವೇ ಇಲ್ಲ, ಅದು ಊರೊಳಗಿನ ಓಡಾಟಕ್ಕೆ ಮಾಡಿದ ಕಾರು. "ಎಷ್ಟು ನಿಮಿಷದಲ್ಲಿ ಚಾರ್ಜ್ ಆಗುತ್ತದೆ" ಎಂಬ ಪ್ರಶ್ನೆಗೆ ಉತ್ತರ ಬಂದಾಗ "ಎಷ್ಟರಿಂದ ಎಷ್ಟಕ್ಕೆ, ಎಷ್ಟು ಕಿಲೋವಾಟ್ ಚಾರ್ಜರಿನಲ್ಲಿ" ಎಂದು ಮರುಪ್ರಶ್ನೆ ಹಾಕಿ. ಶೇ 80 ದಾಟಿದ ಮೇಲೆ ವೇಗ ತೀರಾ ಇಳಿಯುತ್ತದೆ. ದಾರಿಯಲ್ಲಿ 100 ಆಗುವವರೆಗೆ ಕಾಯುವುದು ದಂಡ. ಎರಡನೆಯದು ಬ್ಯಾಟರಿಯನ್ನು ತಂಪಾಗಿಡುವ ವ್ಯವಸ್ಥೆ. ಗಾಳಿಯಿಂದಲೋ ದ್ರವದಿಂದಲೋ ಕೇಳಿ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗದ ಸೀಮೆ ದಾಟಿ ಫಾಸ್ಟ್ ಚಾರ್ಜರಿಗೆ ಹಾಕಿದಾಗ, ಬಿಸಿಯೇರಿದ ಬ್ಯಾಟರಿ ತಾನಾಗಿಯೇ ಚಾರ್ಜಿಂಗ್ ವೇಗ ತಗ್ಗಿಸುತ್ತದೆ. ದ್ರವದ ವ್ಯವಸ್ಥೆ ಇದ್ದರೆ ಈ ತೊಂದರೆ ಕಡಿಮೆ.

ಸನ್‌ರೂಫ್ ಬಗ್ಗೆ ಹೇಳುವುದಾದರೆ, ನಿಮ್ಮ ಕಡೆಯ ಬಿಸಿಲಿಗೆ ಅದು ಎಸಿಗೆ ಹೊರೆ. ವೆಂಟಿಲೇಟೆಡ್ ಸೀಟಿದ್ದರೆ ಎಸಿ ಎರಡು ಡಿಗ್ರಿ ಮೇಲಿಟ್ಟರೂ ನಡೆಯುತ್ತದೆ, ಅದು ಒಪ್ಪಬಹುದಾದ ಖರ್ಚು. ಮೊಬೈಲ್ ಆ್ಯಪ್‌ನಲ್ಲಿ ಕಾರನ್ನು ನೋಡುವ ಸೌಲಭ್ಯ ಎಷ್ಟು ವರ್ಷ ಉಚಿತ, ಆಮೇಲೆ ವರ್ಷಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಏರ್‌ಬ್ಯಾಗ್, ಇಎಸ್‌ಸಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಕೆಳಗಿನ ಮಾಡೆಲ್‌ನಲ್ಲೂ ಇವೆಯೇ ನೋಡಿ. ಇಲ್ಲದಿದ್ದರೆ ಮಾತ್ರ ನಮ್ಮ ಸಲಹೆ ಬದಲಾಗುತ್ತದೆ.

ಪ್ರಶ್ನೆ: ಅದೇ ಕಾರಿನ ಪೆಟ್ರೋಲ್ ಮಾಡೆಲ್‌ಗಿಂತ ವಿದ್ಯುತ್ ಮಾಡೆಲ್ ಮೂರೂವರೆ ಲಕ್ಷ ಜಾಸ್ತಿ. ತಿಂಗಳಿಗೆ 800 ಕಿ.ಮೀ. ಓಡಿಸುತ್ತೇನೆ. ಗಿಟ್ಟುತ್ತದೆಯೇ? ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ವಿನಾಯಿತಿ ಇದೆಯಂತೆ. (ಹುಬ್ಬಳ್ಳಿ)

ಉತ್ತರ: ಬಡ್ಡಿಯ ವಿನಾಯಿತಿಯನ್ನು ಲೆಕ್ಕದಿಂದ ತೆಗೆದುಬಿಡಿ. 80ಇಇಬಿ ಸೆಕ್ಷನ್ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಅದನ್ನು ಈಗಲೂ ಹೇಳಿ ಕಾರು ಮಾರುವವರಿದ್ದಾರೆ.

ಮೂರೂವರೆ ಲಕ್ಷ ಎಂಬುದು ಎಕ್ಸ್-ಶೋರೂಮ್ ಅಂತರವೋ ಆನ್-ರೋಡ್ (ಜೀವಾವಧಿ ತೆರಿಗೆ, ವಿಮೆ ಎಲ್ಲ ಸೇರಿದ) ಅಂತರವೋ? ಇದು ಮೊದಲು ಇತ್ಯರ್ಥವಾಗಬೇಕು. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ 17, ಅದರ ಮೇಲೆ ಸೆಸ್. ಒಂಬತ್ತು ಲಕ್ಷದ ಕಾರಿಗೆ ಅದೇ 1.4 ಲಕ್ಷದಷ್ಟಾಗುತ್ತದೆ. ವಿದ್ಯುತ್ ಕಾರಿಗೆ 2016ರಿಂದ ಈ ತೆರಿಗೆ ಮಾಫಿಯಿತ್ತು. 2024ರ ಮಾರ್ಚ್‌ನಿಂದ 25 ಲಕ್ಷ ಮೀರಿದವಕ್ಕೆ ಶೇ 10 ಹಾಕಿದರು. ವಿನಾಯಿತಿ ಎಂದಿಗೂ ಶಾಶ್ವತವಲ್ಲ, ನೋಂದಣಿಯ ದಿನ ಇರುವ ದರವೇ ಅನ್ವಯವಾಗುತ್ತದೆ. ಆದ್ದರಿಂದ ಕೊಟೇಶನ್‌ನಲ್ಲಿ ಎಕ್ಸ್-ಶೋರೂಮ್ ಬೆಲೆ, ತೆರಿಗೆ, ವಿಮೆ, "ಹ್ಯಾಂಡ್ಲಿಂಗ್" ಇವನ್ನೆಲ್ಲ ಬೇರೆಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ಕೊನೆಯದನ್ನು ತೆಗೆಸಿಹಾಕಿ.

ಇನ್ನು ಓಡಿಸುವ ಖರ್ಚು. ಪೆಟ್ರೋಲಿಗೆ ಲೀಟರಿಗೆ 103 ರೂ., ಮೈಲೇಜ್ 15 ಎಂದು ಹಿಡಿದರೆ ಕಿ.ಮೀ.ಗೆ 6.90 ರೂ. ಮನೆಯಲ್ಲಿ ಚಾರ್ಜ್ ಮಾಡಿದರೆ ಮೀಟರಿನಲ್ಲಿ ಓಡಿದ ಯೂನಿಟ್ಟೆಲ್ಲ ಬ್ಯಾಟರಿಗೆ ಸೇರುವುದಿಲ್ಲ, ಶೇ 10ರಿಂದ 15 ಶಾಖವಾಗಿ ಹೋಗುತ್ತದೆ. ಅದನ್ನೂ ಸೇರಿಸಿ ಊರ ಓಡಾಟಕ್ಕೆ ಮೀಟರಿನ ಒಂದು ಯೂನಿಟ್ಟಿಗೆ 6 ಕಿ.ಮೀ., ಯೂನಿಟ್ಟಿಗೆ ಎಲ್ಲ ಸೇರಿ 7 ರೂ. ಎಂದರೆ ಕಿ.ಮೀ.ಗೆ 1.20 ರೂ. ಉಳಿತಾಯ 5.70 ರೂ. ವರ್ಷಕ್ಕೆ 9,600 ಕಿ.ಮೀ.ಗೆ 55,000 ರೂ. ಆಯಿಲ್, ಫಿಲ್ಟರ್ ಇಲ್ಲದ್ದರಿಂದ ಸರ್ವಿಸ್‌ನಲ್ಲಿ ಇನ್ನೊಂದು 5,000 ಉಳಿಯಬಹುದು. ಆನ್-ರೋಡ್ ಅಂತರ ಎರಡು ಲಕ್ಷವಾದರೆ ಮೂರೂವರೆ ವರ್ಷಕ್ಕೆ ಗಿಟ್ಟುತ್ತದೆ. ನಿಜವಾಗಿಯೂ ಮೂರೂವರೆ ಲಕ್ಷವಿದ್ದರೆ ಸುಮಾರು ಆರು ವರ್ಷ ಬೇಕು, ಸಾಲದ ಬಡ್ಡಿ ಸೇರಿದರೆ ಇನ್ನೂ ಮುಂದೆ ಹೋಗುತ್ತದೆ. ಐದು ವರ್ಷಕ್ಕೆ ಮಾರುವ ಅಭ್ಯಾಸವಿದ್ದವರು ಆಗ ಪೆಟ್ರೋಲನ್ನೇ ಕೊಳ್ಳುವುದು ಲೇಸು.

ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ ಬರೀ ರಸ್ತೆಬದಿಯ ಫಾಸ್ಟ್ ಚಾರ್ಜರ್ ನಂಬಿದರೆ ಯೂನಿಟ್ಟಿಗೆ 20 ರೂ. ಮೇಲೆಯೇ ಬೀಳಬಹುದು. ಆಗ ಉಳಿತಾಯದಲ್ಲಿ ಮೂರನೇ ಒಂದು ಭಾಗವಾದರೂ ಕರಗುತ್ತದೆ.

ವಿಮೆಯಲ್ಲೊಂದು ಸೂಕ್ಷ್ಮವಿದೆ. ವಿದ್ಯುತ್ ಕಾರಿನ ಥರ್ಡ್ ಪಾರ್ಟಿ ಕಂತು ಮೋಟಾರಿನ ಶಕ್ತಿಯ ಮೇಲೆ ನಿಂತಿದೆ. 2022ರಲ್ಲಿ ನಿಗದಿಯಾದ ದರದಂತೆ ಹೊಸ ಕಾರಿನ ಮೂರು ವರ್ಷದ ಕಂತು 30ರಿಂದ 65 ಕಿಲೋವಾಟ್‌ವರೆಗೆ 9,044 ರೂ., ಅದನ್ನು ಮೀರಿದರೆ 20,907 ರೂ.

ಪ್ರಶ್ನೆ: ನಮ್ಮದು ಮೂವತ್ತು ವರ್ಷದ ಹಳೇ ಮನೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. ಕಾರು ತಂದರೆ ಅದು ಹೋಗುತ್ತದೆಯೇ? ಹೆಚ್ಚು ದುಡ್ಡು ಕೊಟ್ಟು 7.2 ಕಿಲೋವಾಟ್ ಚಾರ್ಜರಿನ ಮಾಡೆಲ್ ತಗೊಳ್ಳಬೇಕೇ? (ಮೈಸೂರು)

ಉತ್ತರ: ಹೋಗುವ ಸಂಭವವೇ ಹೆಚ್ಚು. ತಿಂಗಳಿಗೆ 900 ಕಿ.ಮೀ. ಓಡಿಸಿದರೆ ಕಾರೊಂದಕ್ಕೇ 150 ಯೂನಿಟ್ ಬೇಕು. ಮನೆಯ 110 ಸೇರಿದರೆ 260. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟಿದ ಅರುವತ್ತಕ್ಕೆ ಮಾತ್ರವಲ್ಲ. ಎರಡು ಸಾವಿರದ ಮೇಲೆ ಬಿಲ್ ಬಂದೀತು. ಹಾಗೆ ನೋಡಿದರೆ ಅಷ್ಟು ದೂರಕ್ಕೆ ಪೆಟ್ರೋಲ್ ಆರು ಸಾವಿರದ್ದು ಬೇಕು, ಎದೆಗುಂದುವ ವಿಷಯವಲ್ಲ. ವಾಹನ ಚಾರ್ಜಿಂಗ್‌ಗೆಂದೇ ಬೇರೆ ದರಪಟ್ಟಿಯ ಸಂಪರ್ಕವಿದೆ. ಅದಕ್ಕೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್. ಮನೆಯ ಮೀಟರ್ ಮುಟ್ಟದೆ ಉಳಿಯುತ್ತದೆ. ಠೇವಣಿ, ತಿಂಗಳ ನಿಗದಿತ ಶುಲ್ಕ ಎಷ್ಟೆಂದು ಸೆಸ್ಕ್ (ನಿಮ್ಮ ಕಡೆಯ ವಿದ್ಯುತ್ ಕಂಪನಿ) ಉಪವಿಭಾಗದ ಕಚೇರಿಯಲ್ಲಿ ಕೇಳಿ ತಾಳೆ ನೋಡಿ.

7.2 ಕಿಲೋವಾಟ್ ನಿಮಗೆ ಬೇಕೇ? ಸಾಮಾನ್ಯ 15 ಆಂಪ್ ಚಾರ್ಜರ್ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ. ರಾತ್ರಿಯ ಎಂಟು ಗಂಟೆಗಳಲ್ಲಿ 24 ಯೂನಿಟ್, ಅಂದರೆ 140 ಕಿ.ಮೀ. ಮೇಲೆ. ದಿನವೂ ಅಷ್ಟು ಓಡಿಸುವವರು, ಇಲ್ಲವೇ 45 ಯೂನಿಟ್ಟಿನ ಬ್ಯಾಟರಿ ಖಾಲಿ ಮಾಡಿಕೊಂಡು ಬಂದು ಬೆಳಗ್ಗೆಯೇ ಮತ್ತೆ ಊರಿಗೆ ಹೊರಡುವವರು ಮಾತ್ರ 7.2 ತಗೊಳ್ಳಲಿ. ಅದಕ್ಕೆ ಮನೆಯ ಮಂಜೂರಾದ ಲೋಡ್ ಏರಿಸಬೇಕು, ಏರಿಸಿದ ಪ್ರತಿ ಕಿಲೋವಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕವಿದೆ.

ಆ ದುಡ್ಡನ್ನು ವೈರಿಂಗ್‌ಗೆ ಹಾಕಿ. ಹಳೇ ಮನೆಯಲ್ಲಿ ಕೆಡುವುದು ಕಾರಲ್ಲ, ಸಾಕೆಟ್ಟು. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ಅಷ್ಟೇ ಕರೆಂಟನ್ನು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಒಳಗಿನ ಹಿಡಿತ ಸಡಿಲವಾದ ಸಾಕೆಟ್ ಕಪ್ಪಾಗಿ ಕರಗುವುದು ಇದರಿಂದಲೇ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಬೇರಾವುದೂ ಸೇರದ ಒಂಟಿ ಲೈನ್ ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರು, ದೂರ 25 ಮೀಟರ್ ದಾಟಿದರೆ 6. ಅದಕ್ಕೆ 20 ಆಂಪ್ ಎಂಸಿಬಿ, 30 ಮಿಲಿಆಂಪ್‌ನ ಟೈಪ್-ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಒಳ್ಳೆಯ 16 ಆಂಪ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಯುಪಿಎಸ್ ಲೈನಿಗೆ ಸೇರಿಸುವುದಂತೂ ಬೇಡವೇ ಬೇಡ. ಮೊದಲ ದಿನ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಮೇಲ್ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಅರ್ಥಿಂಗ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮನೆಯ ಮಿಕ್ಸಿ, ಫ್ರಿಜ್ ಅರ್ಥ್ ಇಲ್ಲದೆಯೂ ಓಡುತ್ತವೆ, ಕಾರಿನ ಚಾರ್ಜರ್ ಒಪ್ಪುವುದಿಲ್ಲ, ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿದರೆ 2-3 ವೋಲ್ಟ್ ಒಳಗಿರಬೇಕು. ಮಳೆಗಾಲದಲ್ಲಿ ಚೆನ್ನಾಗಿದ್ದು ಏಪ್ರಿಲ್‌ನಲ್ಲಿ "ಚಾರ್ಜರ್ ಕೆಟ್ಟಿದೆ" ಅನ್ನಿಸಿದರೆ, ಅರ್ಥ್ ಗುಂಡಿ ಒಣಗಿದೆಯೇ ನೋಡಿ. ಎರಡು ಕೊಡ ನೀರು ಹೊಯ್ದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಹೊಸ ಗುಂಡಿ ತೆಗೆಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಬ್ಯಾಟರಿ ಬಾಡಿಗೆಗೆ ಕೊಟ್ಟು ಕಾರನ್ನು ಅಗ್ಗಕ್ಕೆ ಮಾರುತ್ತಾರಲ್ಲ, ಅದು ಲಾಭವೇ? (ಬೆಂಗಳೂರು)

ಉತ್ತರ: 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಬಂದಾಗಿನ ಬೆಲೆಯನ್ನೇ ನೋಡಿ: ಬ್ಯಾಟರಿ ಸಮೇತ 13.50 ಲಕ್ಷ, ಬ್ಯಾಟರಿ ಬಿಟ್ಟು 9.99 ಲಕ್ಷ, ಬಾಡಿಗೆ ಕಿ.ಮೀ.ಗೆ 3.50 ರೂ. ಅಂತರ ಮೂರೂವರೆ ಲಕ್ಷ. ಅದನ್ನು ಮೂರೂವರೆಯಿಂದ ಭಾಗಿಸಿದರೆ ಒಂದು ಲಕ್ಷ ಕಿ.ಮೀ. ಅಷ್ಟು ಓಡಿದ ದಿನ ಬ್ಯಾಟರಿಯ ದುಡ್ಡು ತೀರಿದಂತೆ, ಆದರೆ ಬಾಡಿಗೆ ನಿಲ್ಲುವುದು ಒಪ್ಪಂದ ಹೇಳಿದಾಗ. ಕಡಿಮೆ ಓಡಿಸುವವರಿಗೆ ಲಾಭ ಅನ್ನಿಸಬಹುದು, ಅಲ್ಲಿಯೇ ಕೊಕ್ಕೆ ಇರುವುದು. ತಿಂಗಳಿಗೆ ಕನಿಷ್ಠ 1,500 ಕಿ.ಮೀ. ಎಂಬ ಷರತ್ತಿದ್ದರೆ ಕಾರು ಶೆಡ್ಡಿನಲ್ಲೇ ನಿಂತಿದ್ದರೂ 5,250 ರೂ. ಕಟ್ಟಬೇಕು. ಕರೆಂಟಿನ ಖರ್ಚು ಬೇರೆ. ಸಹಿ ಹಾಕುವ ಮೊದಲು ಮೂರು ಸಾಲು ಹುಡುಕಿ: ಕನಿಷ್ಠ ಎಷ್ಟು, ಎಷ್ಟು ವರ್ಷ, ನಡುವೆ ಕಾರು ಮಾರಿದರೆ ಬ್ಯಾಟರಿಯ ಬಾಕಿ ಯಾರ ತಲೆಗೆ. ಕೈಯಲ್ಲಿ ದುಡ್ಡಿದ್ದವರು ಬ್ಯಾಟರಿ ಸಮೇತ ಕೊಳ್ಳುವುದೇ ನೆಮ್ಮದಿ.

ಪ್ರಶ್ನೆ: ಘಟ್ಟದ ಓಡಾಟ ಹೆಚ್ಚು, ಕರೆಂಟ್ ಆಗಾಗ ಹೋಗುತ್ತದೆ. ಕೊಳ್ಳುವಾಗ ಏನು ನೋಡಬೇಕು? (ಶಿರಸಿ)

ಉತ್ತರ: ಕುಮಟಾದಿಂದ ಶಿರಸಿಗೆ ಸುಮಾರು 600 ಮೀಟರ್ ಏರು. ತುಂಬಿದ ಕಾರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಮಾಮೂಲಿಗಿಂತ 3 ಯೂನಿಟ್ ಹೆಚ್ಚು ಬೇಕು, ಅಂದರೆ 18-20 ಕಿ.ಮೀ. ಕೈಬಿಟ್ಟ ಹಾಗೆ. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿಗೆ ಮರಳುತ್ತದೆ. ಆದರೆ ಶೇ 100 ತುಂಬಿಸಿಕೊಂಡು ಮನೆ ಬಿಟ್ಟರೆ ಮರಳಿದ್ದನ್ನು ಇಡಲು ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ಹಿಡಿದುಕೊಳ್ಳುವ ಗುಣವೂ ಆಗ ಕುಂದಿ ಬ್ರೇಕಿನ ಮೇಲೇ ಇಳಿಯಬೇಕಾಗುತ್ತದೆ. ಕೆಳಗಿಳಿಯುವ ದಿನ ಶೇ 90ಕ್ಕೆ ನಿಲ್ಲಿಸಿ. ಹೀಗೆ ಹಿಡಿದು ಕರೆಂಟ್ ಮರಳಿಸುವ ರೀಜನ್ ಮಟ್ಟವನ್ನು ಸ್ಟೀರಿಂಗಿನ ಹಿಂದಿನ ಪ್ಯಾಡಲ್‌ನಿಂದ ಬದಲಿಸುವಂತಿದ್ದರೆ ಘಟ್ಟದಲ್ಲಿ ಬಹಳ ಅನುಕೂಲ.

ಸ್ಟೆಪ್ನಿ ಇದೆಯೇ ನೋಡಿ. ಎಷ್ಟೋ ವಿದ್ಯುತ್ ಕಾರುಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಇರುತ್ತದೆ. ಕಲ್ಲು ತಾಗಿ ಟೈರಿನ ಮಗ್ಗುಲು ಸೀಳಿದರೆ ಕಿಟ್ ಏನೂ ಮಾಡಲಾರದು. ಕರೆಂಟ್ ಹೋಗುವ ಊರಿಗೆ ವಿ2ಎಲ್ ಇರುವ ಕಾರು ಒಳ್ಳೆಯದು, ಕಾರಿನಿಂದಲೇ ದೀಪ, ಫ್ಯಾನು, ಫ್ರಿಜ್ ನಡೆಸಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವುದಾದರೆ ದೊಡ್ಡ ಬ್ಯಾಟರಿಯ ಚಿಂತೆ ಬೇಡ. ಬಾನೆಟ್‌ ಕೆಳಗಿನ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದರೆ ದೊಡ್ಡದರಲ್ಲಿ ಶೇ 80 ಇದ್ದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಡಿ. ರಿಮೋಟ್ ಕೀ ಸತ್ತರೂ ಬಾಗಿಲು ತೆಗೆಯುವ ಲೋಹದ ಕೀ ಎಲ್ಲಿದೆ, ಬಾನೆಟ್ ತೆಗೆಯುವುದು ಹೇಗೆ ಎಂದು ಡೆಲಿವರಿ ದಿನವೇ ಶೋರೂಮಿನವರಿಂದ ಮಾಡಿಸಿ ನೋಡಿ.